ಬಸುರಿ ಕಲ್ಲಿನ ಎತ್ತರ

ಚಾಮರಾಜನಗರದ ಅಂಚಿನಲ್ಲಿ ಎದ್ದಿರುವ ಹೊಸ ಉದ್ಯಾನದ ಅಂದಕ್ಕೆ ಬೆಲೆ ತೆತ್ತವರು ತಲೆಯ ಮೇಲೆ ಸೊಪ್ಪು ಹೊತ್ತು ಮಾರುವ ಹೆಂಗಸರು. ತೆತ್ತದ್ದು ತಮ್ಮ ಕುತ್ತಿಗೆಯಿಂದ. ಅಲ್ಲಿ ಬೆಳಗಿನ ನಡಿಗೆಗೆ ಬರುವವರಿಗೆ ಏನೂ ಆಗಿಲ್ಲ. ನಕ್ಷೆ ಬರೆದವರಿಗಾಗಲಿ, ಅದಕ್ಕೆ ಸಹಿ ಹಾಕಿದವರಿಗಾಗಲಿ, ಅರ್ಜಿ ಬರೆದುಕೊಟ್ಟ ನನಗಾಗಲಿ ಏನೂ ಆಗಿಲ್ಲ. ಆದದ್ದೆಲ್ಲ ಮಂಕರಿ ಹೊತ್ತು ಒಂಟಿಯಾಗಿ ನಡೆಯುವವರಿಗೆ. ಅಂಥವರಲ್ಲಿ ಉಳಿದಿರುವ ಕೆಲವರಲ್ಲಿ ಹರದನಹಳ್ಳಿಯ ನನ್ನ ಚಿಕ್ಕವ್ವನೂ ಒಬ್ಬಳು. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಏಕೆಂದರೆ ಮುಂದೆ ಬರೆಯಲಿರುವುದರಲ್ಲಿ ನೆನಪಿನ ಸಿಹಿ ಹೆಚ್ಚಾಗಿದೆ, ಆ ಸಿಹಿಯಲ್ಲಿ ನೋವು ಯಾರದೆಂಬುದು ಮರೆತುಹೋಗಬಾರದು.

ಉದ್ಯಾನದ ನಡುವೆ, ಹುಲ್ಲುಹಾಸಿನ ಮೇಲೆ, ಕಬ್ಬಿಣದ ಬೇಲಿಯೊಳಗೆ ಎರಡು ನಿಲುಗಲ್ಲುಗಳಿವೆ. ಅವುಗಳ ಮೇಲೆ ಅಡ್ಡಲಾಗಿ ಒಂದು ಚಪ್ಪಡಿ. ಹೊಸಬರ ಕಣ್ಣಿಗೆ ಅದು ಯಾವುದೋ ಪಾಳು ಗುಡಿಯ ಬಾಗಿಲಿನಂತೆ ಕಾಣುತ್ತದೆ. ಪಕ್ಕದ ಫಲಕದಲ್ಲಿಯೂ ‘ಪ್ರಾಚೀನ ಮಂಟಪದ ಅವಶೇಷ’ ಎಂದೇ ಬರೆದಿದೆ. ಅದು ಮಂಟಪದ್ದಲ್ಲ, ಹೊರೆಗಲ್ಲು. ತಲೆಹೊರೆಯೊಂದಿಗೆ ದಾರಿ ನಡೆಯುವವರು ಇನ್ನೊಬ್ಬರ ಕೈಯ ಹಂಗಿಲ್ಲದೆ ಹೊರೆ ಇಳಿಸಿ, ದಣಿವಾರಿಸಿಕೊಂಡು, ಮತ್ತೆ ಹೊತ್ತುಕೊಳ್ಳಲೆಂದು ರಸ್ತೆಯ ಬದಿಯಲ್ಲಿ ನಿಲ್ಲಿಸಿದ್ದ ಕಲ್ಲು. ನಮ್ಮ ಕಡೆ ಇಂಥ ಕಲ್ಲಿನ ಹಿಂದೆ ಒಂದು ಸಾವು ಇರುತ್ತಿತ್ತು. ಹೆರಿಗೆಯಾಗದೆ, ಕೂಸು ಹೊಟ್ಟೆಯಲ್ಲಿರುವಾಗಲೇ ತೀರಿಕೊಂಡ ಹೆಂಗಸು ಇಳಿಸಲಾಗದ ಹೊರೆಯೊಂದಿಗೆ ಹೋದಳೆಂದು ಮನೆಯವರು ಅವಳಿಗಾಗಿ ಹೊರೆಗಲ್ಲು ನಿಲ್ಲಿಸುತ್ತಿದ್ದರು. ದಾರಿಹೋಕರು ಒಂದೊಂದು ಹೊರೆ ಇಳಿಸಿದಾಗಲೂ ಅವಳ ಭಾರ ಅಷ್ಟಷ್ಟೇ ಇಳಿಯುತ್ತದೆಂಬುದು ನಂಬಿಕೆ. ನಮ್ಮ ಕಲ್ಲಿನ ಮೇಲೆ ಅಕ್ಷರವಿರಲಿಲ್ಲ. ಸತ್ತವಳು ಯಾವ ಊರಿನವಳು, ಯಾರ ಮಗಳು ಎಂಬುದು ಯಾರಿಗೂ ತಿಳಿದಿರಲಿಲ್ಲ. ಎಲ್ಲರೂ ಅದನ್ನು ಬಸುರಿ ಕಲ್ಲು ಎನ್ನುತ್ತಿದ್ದರು. ನಂಬಿಕೆಯ ಮಾತು ಹಾಗಿರಲಿ. ಹೆರಿಗೆಯ ಹೊತ್ತಿಗೆ ಅವಳಿಗೆ ಸಿಗಬೇಕಾಗಿದ್ದ ನೆರವು ಸಿಗಲಿಲ್ಲ ಎಂಬುದು ಈ ಕತೆಯ ಮೊದಲ ಅನ್ಯಾಯ.

ನನ್ನ ಅವ್ವ ಉಡಿಗಾಲದಿಂದ ಸೊಪ್ಪು ಹೊತ್ತು ತರುತ್ತಿದ್ದಳು. ಶಾಲೆಗೆ ರಜೆಯಿದ್ದ ದಿನಗಳಲ್ಲಿ ನಾನೂ ಅವಳ ಹಿಂದೆ ನಡೆಯುತ್ತಿದ್ದೆ. ಹಿಂದಿನ ಸಂಜೆಯೇ ಕಿತ್ತು, ಗೋಣಿ ಹೊದಿಸಿ, ನೀರು ಚಿಮುಕಿಸಿಟ್ಟ ದಂಟು, ಕೀರೆ, ಸಬ್ಬಕ್ಕಿ, ಮೆಂತ್ಯವನ್ನು ಮುಂಜಾನೆ ಮಂಕರಿಗೆ ಜೋಡಿಸುವುದೇ ಒಂದು ವಿದ್ಯೆ. ಬೇರುಗಳು ಒಳಮುಖವಾಗಿ, ಎಲೆಗಳು ಹೊರಮುಖವಾಗಿ ಸುತ್ತುಸುತ್ತಾಗಿ ಏರುತ್ತ ಹೋಗಿ ಕೊನೆಗೆ ಮಂಕರಿಯೇ ಕಾಣದಂತೆ ಹಸಿರು ಗೋಪುರವಾಗುತ್ತಿತ್ತು. ಹಳೆಯ ಸೀರೆಯ ತುಂಡನ್ನು ಸುತ್ತಿ ಮಾಡಿದ ಸಿಂಬೆಯನ್ನು ತಲೆಯ ಮೇಲಿಟ್ಟುಕೊಂಡು ಅವ್ವ ಮಂಡಿ ಬಗ್ಗಿಸಿ ಕೂರುತ್ತಿದ್ದಳು. ಅಪ್ಪ ಒಂದು ಕಡೆ, ನೆರೆಯವರೊಬ್ಬರು ಇನ್ನೊಂದು ಕಡೆ ಹಿಡಿದು ಮಂಕರಿಯನ್ನು ಎತ್ತಿ ಇಡುತ್ತಿದ್ದರು. ಅಲ್ಲಿಂದ ಮುಂದೆ ಅವ್ವನ ಕತ್ತು ಅತ್ತಿತ್ತ ತಿರುಗುತ್ತಿರಲಿಲ್ಲ. ನನ್ನೊಂದಿಗೆ ಮಾತಾಡುವಾಗಲೂ ಅವಳ ಕಣ್ಣು ನೇರ ಮುಂದಕ್ಕೇ ಇರುತ್ತಿತ್ತು. ದಾರಿಯುದ್ದಕ್ಕೂ ನಾನು ಅವಳ ದನಿಯನ್ನು ಕೇಳುತ್ತಿದ್ದೆ, ಮುಖವನ್ನು ನೋಡುತ್ತಿರಲಿಲ್ಲ.

ಚಾಮರಾಜನಗರ ಹತ್ತಿರವಾಗುವಾಗ ಕೆರೆಯ ಪಕ್ಕದಲ್ಲಿ ರಸ್ತೆ ಸಣ್ಣದೊಂದು ಏರು ಹತ್ತುತ್ತದೆ. ಏರಿನ ಅರ್ಧದಲ್ಲಿ ಹುಣಿಸೆಮರ, ಮರದ ಕೆಳಗೆ ಬಸುರಿ ಕಲ್ಲು. ಅಲ್ಲಿಗೆ ಬಂದಾಗ ಮಾತ್ರ ಅವ್ವನ ಮುಖ ನನಗೆ ಸಿಗುತ್ತಿತ್ತು. ಅವಳು ಕಲ್ಲಿನ ಎದುರಿಗೆ ಬಂದು, ಮಂಡಿಯನ್ನು ತುಸುವೇ ಬಗ್ಗಿಸಿ, ಮಂಕರಿಯ ತಳವನ್ನು ಚಪ್ಪಡಿಗೆ ತಾಗಿಸಿ, ಎರಡೂ ಕೈಯಿಂದ ಮುಂದಕ್ಕೆ ಸರಿಸುತ್ತಿದ್ದಳು. ಅಷ್ಟೇ. ಎತ್ತುವುದಿಲ್ಲ, ಕೆಳಗಿಡುವುದಿಲ್ಲ, ಹೊರೆ ತಲೆಯಿಂದ ಕಲ್ಲಿಗೆ ದಾಟುತ್ತಿತ್ತು. ಹೊರಡುವಾಗ ಅದೇ ರೀತಿ ಕಲ್ಲಿನಿಂದ ತಲೆಗೆ. ಚಪ್ಪಡಿಯ ಎತ್ತರ ಸರಿಯಾಗಿ ಅವ್ವನ ಹುಬ್ಬಿನ ಮಟ್ಟಕ್ಕಿತ್ತು. ಕುಳ್ಳಗಿರುವವರಿಗಾಗಿ ಬುಡದಲ್ಲಿ ಮೆಟ್ಟಿಲಿನಂಥ ಸಣ್ಣ ಕಲ್ಲೊಂದಿತ್ತು. ಚಪ್ಪಡಿಯ ಮೇಲ್ಮೈಯಲ್ಲಿ ಎರಡು ಹಳ್ಳಗಳಿದ್ದವು. ಯಾರೂ ಕೊರೆದದ್ದಲ್ಲ. ಎಷ್ಟು ತಲೆಮಾರಿನ ಮಂಕರಿಗಳೋ ಸರಿದು ಸರಿದು ಸವೆದ ಗುರುತು ಅದು. ದುಂಡು ತಳದ ಮಂಕರಿ ಆ ಹಳ್ಳದಲ್ಲಿ ಕೂತರೆ ಗಾಳಿಗೂ ಅಲುಗುತ್ತಿರಲಿಲ್ಲ. ಬಿಸಿಲಿನಲ್ಲಿಯೂ ತಣ್ಣಗಿರುತ್ತಿದ್ದ ಆ ಹಳ್ಳದೊಳಕ್ಕೆ ಮೆಟ್ಟುಗಲ್ಲಿನ ಮೇಲೆ ನಿಂತು ಅಂಗೈ ಇಡುವುದು ನನಗೆ ಆಟವಾಗಿತ್ತು.

ಮಂಕರಿ ಇಳಿಸುವ ಮೊದಲು ಒಂದು ಪದ್ಧತಿಯಿತ್ತು. ಹೊರೆಯಿಂದ ಒಂದು ಚಿಟಿಕೆ ಸೊಪ್ಪನ್ನು ಮುರಿದು ಮೆಟ್ಟುಗಲ್ಲಿನ ಮೇಲಿಡಬೇಕು. ಅವ್ವ ಕತ್ತು ತಿರುಗಿಸಲಾರದೆ ಕೈಯಿಂದಲೇ ತಡಕಿ ನನಗೆ ಕೊಡುತ್ತಿದ್ದಳು, ನಾನು ಇಡುತ್ತಿದ್ದೆ. ಒಮ್ಮೆ ಯಾಕೆಂದು ಕೇಳಿದೆ.

“ಬಸುರಿಗೆ ಬಾಯಿ ಚಪ್ಲ ಕಣಮ್ಮಿ. ಬರಿಗೈಲಿ ಅವಳ ಮುಂದ್ಕೆ ಓಗ್ಬಾರ್ದು.”

“ನಾವ್ ಅತ್ತಗೆ ಓದ್ಮೇಲೆ ಆಡು ತಿಂತದಲ್ಲವ್ವ?”

“ಆ ಆಡೂ ಬಸುರಿಯಾಗಿದ್ದಾತು. ತಿನ್ಲಿ ಬುಡು.”

ಅಲ್ಲಿ ಸೇರುತ್ತಿದ್ದವರು ಏಳೆಂಟು ಮಂದಿ. ಕುದೇರಿನ ಕಡೆಯಿಂದ ಬರುವವರೂ ಇದ್ದರು, ಹರದನಹಳ್ಳಿಗೆ ಮದುವೆಯಾಗಿ ಹೋಗಿದ್ದ ನನ್ನ ಚಿಕ್ಕವ್ವನೂ ಇದ್ದಳು. ಚಿಕ್ಕವ್ವ ಅವ್ವನಿಗಿಂತ ಗೇಣುದ್ದ ಕುಳ್ಳಿ, ಮಾತಿನಲ್ಲಿ ಮೊಳ ಉದ್ದ. ಮೆಟ್ಟುಗಲ್ಲು ಅವಳದೇ ಎಂಬಂತಿತ್ತು. ಕೆರೆಯಿಂದ ತಂಬಿಗೆಯಲ್ಲಿ ನೀರು ತಂದು ಸೊಪ್ಪಿಗೆ ಚಿಮುಕಿಸುತ್ತ, ಕಟ್ಟುಗಳನ್ನು ಬಿಗಿಮಾಡುತ್ತ ಅವರು ಆಡುತ್ತಿದ್ದ ಮಾತಿಗೆ ಮಡಿಯಿರಲಿಲ್ಲ.

“ಏನಕ್ಕ, ಇವತ್ತು ಮಂಕ್ರಿಗೆ ಸೊಪ್ ತುಂಬ್ಸೀಯೋ, ನಮ್ ಬಾವನ್ನೇ ಕುಂಡ್ರುಸ್ಕ ಬಂದೀಯೋ? ಕತ್ತು ಒಳಿಕ್ಕೇ ಓಗ್ಬುಟ್ಟದಲ್ಲ!” ಎಂದು ಚಿಕ್ಕವ್ವ ಅವ್ವನನ್ನು ಕೆಣಕುತ್ತಿದ್ದಳು.

“ನಿಮ್ ಬಾವನ್ನ ಒತ್ಕ ಬಂದಿದ್ರೆ ಕೆರೆ ತಾವ್ಲೇ ಇಳ್ಸ್ಬುಟ್ಟು ಬತ್ತಿದ್ದೆ. ಇದು ಕೀರೆ ಸೊಪ್ಪು ಕಣಮ್ಮಿ, ಮಾತ್ ಕೇಳ್ತದೆ.”

ಅವರಲ್ಲಿ ಯಾರಾದರೂ ಬಸುರಿಯಾಗಿದ್ದರೆ ಸರದಿ ತಪ್ಪಿಸಿ ಅವಳಿಗೇ ಮೊದಲು ಕಲ್ಲು ಬಿಟ್ಟುಕೊಡುತ್ತಿದ್ದರು. “ಅವ್ಳು ಮೊದ್ಲು ಇಳ್ಸ್ಲಿ, ಒಂದ್ ಒರೆ ಒಟ್ಟೇಲದೆ, ಒಂದ್ ಒರೆ ತಲೇಲದೆ” ಎನ್ನುತ್ತಿದ್ದರು. ಯಾವ ಕಾನೂನೂ ಕಲಿಸದ ನಡವಳಿಕೆ ಅದು. ಕಾನೂನು ಬಿಡಿಸಬೇಕಾಗಿದ್ದ ನಡವಳಿಕೆಯನ್ನೂ ನಾನು ಅದೇ ಏರಿನಲ್ಲಿ ಕಂಡೆ. ಮರದಾಚೆಯ ಚಹಾದಂಗಡಿಯ ಮುಂದೆ ಕೂತ ಗಂಡಸರು, ಹೊರೆ ಎತ್ತಿಕೊಡಿ ಎಂದು ಯಾರಾದರೂ ಕೇಳಿದರೆ, ಮೊದಲು ಮಂಕರಿಯ ಒಡತಿ ಯಾವ ಕೇರಿಯವಳೆಂದು ಕಣ್ಣಿನಲ್ಲೇ ಲೆಕ್ಕಹಾಕಿ ಆಮೇಲೆ ಏಳುವುದೋ ಬಿಡುವುದೋ ತೀರ್ಮಾನಿಸುತ್ತಿದ್ದರು. ಆ ಕಲ್ಲು ಇದ್ದುದರಿಂದ ಅವರನ್ನು ಕೇಳುವ ಅಗತ್ಯ ಬೀಳುತ್ತಿರಲಿಲ್ಲ. ಅದು ಬರಿಯ ದಣಿವಿನ ಪ್ರಶ್ನೆಯಾಗಿರಲಿಲ್ಲ ಎಂಬುದು ನನಗೆ ಅರ್ಥವಾದದ್ದು ಬಹಳ ತಡವಾಗಿ.

ನಾನು ಓದಿದ ಶಾಲೆ ಪ್ರಶ್ನೆ ಕೇಳಿದ ಮಕ್ಕಳಿಗೆ ಚಪ್ಪಾಳೆ ತಟ್ಟುತ್ತಿದ್ದ ಶಾಲೆ. ಕಂಡ ತಪ್ಪಿಗೆ ಹೆಸರಿಡಿ, ಹೆಸರಿಟ್ಟ ಮೇಲೆ ಸುಮ್ಮನಿರಬೇಡಿ ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಅವರಿಗೆ ನಾನು ಇಂದಿಗೂ ಋಣಿ. ಒಮ್ಮೆ ಅವರು ಊರಿನ ಸ್ಮಾರಕಗಳ ಪಟ್ಟಿ ಮಾಡಿಸಿದರು. ನಾವು ಗುಡಿ, ಕಲ್ಯಾಣಿ, ಶಾಸನಗಳನ್ನೆಲ್ಲ ಬರೆದೆವು. ನಾನು ಬಸುರಿ ಕಲ್ಲನ್ನು ಹೇಳಿದಾಗ ಅವರು ತುಸು ಯೋಚಿಸಿ ‘ಇತರೆ’ ಎಂಬಲ್ಲಿ ಬರೆದುಕೊಳ್ಳಲು ಹೇಳಿದರು. ನಾನು ಬರೆದುಕೊಂಡೆ. ಪಟ್ಟಿಗೆ ಸೇರಿತಲ್ಲ ಎಂದು ಹೆಮ್ಮೆಪಟ್ಟೆ. ಅಂದಿನಿಂದ ಅದು ನನ್ನ ಮನಸ್ಸಿನಲ್ಲಿ ಸ್ಮಾರಕವಾಗಿ ಬೆಳೆಯತೊಡಗಿತು. ಅವ್ವನ ಹುಬ್ಬಿನ ಮಟ್ಟದ ಕಲ್ಲಾಗಿ ನಿಧಾನಕ್ಕೆ ಮರೆಯಾಯಿತು. ಆ ಮರೆವನ್ನೂ ನಾನು ತಪ್ಪೆಂದೇ ಕರೆಯಬೇಕು.

ಕೆಲಸಕ್ಕಾಗಿ ನಾನು ಗುಂಡ್ಲುಪೇಟೆಗೆ ಬಂದು ನೆಲೆಸಿದೆ. ಹೆಂಗಸರ ಸಂಘಟನೆಯೊಂದರಲ್ಲಿ ಕೂಲಿ, ಪಡಿತರ, ಹೆರಿಗೆ ಆಸ್ಪತ್ರೆ ಎಂದು ಅರ್ಜಿ ಬರೆಯುವುದೇ ನನ್ನ ದಿನಚರಿಯಾಯಿತು. ಅಷ್ಟರಲ್ಲಿ ಅವ್ವ ತೀರಿಕೊಂಡಿದ್ದಳು. ಗುಂಡ್ಲುಪೇಟೆಯಲ್ಲಿ ಚೆಂಡುಹೂವಿನ ಕಾಲ ಬಂದರೆ ರಸ್ತೆಯೇ ಹಳದಿಯಾಗುತ್ತದೆ. ಹೂ ಕೊಳ್ಳಲು ಗಡಿಯಾಚೆಯಿಂದ ಬಂದವರ ಮಲಯಾಳ, ಮಾರುವವರ ಕನ್ನಡ ಎರಡೂ ಕಲಸಿಕೊಂಡು ಚೌಕಾಸಿ ನಡೆಯುತ್ತದೆ. ಅಂಥ ಒಂದು ದಿನ ನಾನು ಬಾಳೆಹಣ್ಣಿನ ಅಂಗಡಿಯ ಮುಂದೆ, ಚರಂಡಿಗೆ ಮುಚ್ಚಿದ್ದ ಕಲ್ಲಿನ ಮೇಲೆ ನಿಂತು ಹಣ್ಣು ಆರಿಸುತ್ತಿದ್ದೆ. ಪಕ್ಕದಲ್ಲಿ ಹೂವಿನ ಕುಕ್ಕೆ ಇಟ್ಟುಕೊಂಡು ಕೂತಿದ್ದ ಹೆಂಗಸು ನನ್ನ ಕಾಲನ್ನೇ ನೋಡುತ್ತಿದ್ದಳು.

“ನೀವ್ ನಿಂತಿರೋದು ಒರೆಗಲ್ಲು ಕಣಕ್ಕ. ರಸ್ತೆ ಅಗ್ಲ ಮಾಡ್ದಾಗ ಜೆಸಿಬೀಲಿ ಎತ್ಬುಟ್ಟು ಇಲ್ಲಾಕುದ್ರು” ಎಂದಳು.

ನಾನು ಬೆಚ್ಚಿ ಕೆಳಗಿಳಿದೆ.

“ಈಗೇನ್ ಇಳಿಯೋದು, ನಿಂತ್ಕಳಿ. ಊರೇ ತುಳೀತದೆ” ಎಂದು ಅವಳು ನಕ್ಕು ಹೂವಿಗೆ ನೀರು ಚಿಮುಕಿಸಿದಳು.

ಬಗ್ಗಿ ನೋಡಿದೆ. ಚಪ್ಪಡಿಯ ನಡುವೆ ನನ್ನ ಅಂಗೈಗೆ ಗುರುತಿದ್ದ ಅದೇ ಬಗೆಯ ಹಳ್ಳ. ಅದರಲ್ಲಿ ಚರಂಡಿಯ ಕೆಸರು ತುಂಬಿತ್ತು. ಅದಾದ ಕೆಲವೇ ದಿನಗಳಿಗೆ ಚಿಕ್ಕವ್ವನ ಫೋನು ಬಂತು.

“ಕೆರೆ ತಾವು ಪಾರ್ಕ್ ಮಾಡ್ತಾವ್ರಂತೆ ಕಣಮ್ಮಿ. ದಾರ ಎಳ್ದು ಗೂಟ ಒಡೆದವ್ರೆ. ಕಲ್ಲು ದಾರದ ಒಳಿಕ್ಕೇ ಬಂದ್ಬುಟ್ಟದೆ. ಕಲ್ತವ್ಳು ನೀನು, ಏನಾದ್ರೂ ಬರಿ.”

ಗುಂಡ್ಲುಪೇಟೆಯ ಚರಂಡಿ ನನ್ನ ಕಣ್ಣಮುಂದೆಯೇ ಇತ್ತು. ಆ ರಾತ್ರಿಯನ್ನೂ ಕಾಯದೆ ಬರೆದೆ. ನಾನು ಬರೆದ ಅರ್ಜಿಗಳಲ್ಲೆಲ್ಲ ಅತ್ಯಂತ ಅಚ್ಚುಕಟ್ಟಾದ ಅರ್ಜಿ ಅದು. ಸದರಿ ಪಾರಂಪರಿಕ ಸ್ಮಾರಕವನ್ನು ಉದ್ಯಾನದ ವಿನ್ಯಾಸದಲ್ಲಿ ಸೂಕ್ತವಾಗಿ ಅಳವಡಿಸಿ, ಭದ್ರವಾಗಿ ನಿಲ್ಲಿಸಿ, ಸಾರ್ವಜನಿಕರು ಮುಟ್ಟದಂತೆ ಬೇಲಿ ಹಾಕಿ, ಫಲಕ ನೆಟ್ಟು ರಕ್ಷಿಸಬೇಕೆಂದು ಕೋರಿದೆ. ಸಹಿ ಹಾಕಿದವರಲ್ಲಿ ಶಿಕ್ಷಕರಿದ್ದರು, ವಕೀಲರಿದ್ದರು, ನಿವೃತ್ತ ನೌಕರರಿದ್ದರು. ಆ ಕಲ್ಲಿನ ಮೇಲೆ ಮಂಕರಿ ಇಳಿಸುತ್ತಿದ್ದ ಒಬ್ಬ ಹೆಂಗಸಿನ ಹೆಬ್ಬೆಟ್ಟೂ ಇರಲಿಲ್ಲ. ಇಂದಿಗೂ ಜನ ಅದನ್ನು ಬಳಸುತ್ತಿದ್ದಾರೆ ಎಂಬ ಒಂದು ಸಾಲೂ ಇರಲಿಲ್ಲ. ಬಳಸುತ್ತಿದ್ದಾರೆ ಎಂದರೆ ಸ್ಮಾರಕದ ಘನತೆಗೆ ಕುಂದಾದೀತೆಂದು ನನಗೆ ಒಳಗೊಳಗೇ ಅನ್ನಿಸಿದ್ದಿರಬೇಕು. ಹಾಗೆ ಅನ್ನಿಸಿದ್ದು ನಾಚಿಕೆಗೇಡು.

ಅರ್ಜಿ ಗೆದ್ದಿತು. ಕಲ್ಲು ಉಳಿಯುತ್ತದೆಂದು ಸುದ್ದಿ ಬಂದಾಗ ನಾನು ಸಂಘಟನೆಯ ಗೆಳತಿಯರಿಗೆಲ್ಲ ಸಿಹಿ ಹಂಚಿದೆ. ಉದ್ಯಾನದ ಕೆಲಸ ಮುಗಿಯುವವರೆಗೆ ಆ ಕಡೆ ಹೋಗಲಾಗಲಿಲ್ಲ. ಅಷ್ಟು ತಿಂಗಳಲ್ಲಿ ಚಿಕ್ಕವ್ವ ಫೋನಿನಲ್ಲಿ ಕಲ್ಲಿನ ಮಾತೆತ್ತಲಿಲ್ಲ. ನಾನೂ ಕೇಳಲಿಲ್ಲ; ಕೇಳುವಂಥದ್ದೇನೂ ಉಳಿದಿಲ್ಲವೆಂದುಕೊಂಡೆ.

ಒಂದು ಬೆಳಿಗ್ಗೆ ಹರದನಹಳ್ಳಿಗೆ ಹೋಗಿ ಅವಳೊಂದಿಗೆ ಬಸ್ಸು ಹತ್ತಿದೆ. ಮಂಕರಿಯಲ್ಲಿ ಅರ್ಧವೇ ಸೊಪ್ಪಿತ್ತು. ಕೇಳಿದರೆ, ಕತ್ತಿನ ಹಿಂದೆ ಕೈಯಿಟ್ಟು, “ಒಸಿ ಇಡ್ಕಂಡದೆ” ಎಂದಳು. ಏರಿನ ಕೆಳಗೆ ಬಸ್ಸಿನಿಂದಿಳಿದಾಗ ಕಂಡಕ್ಟರೂ ನಾನೂ ಸೇರಿ ಹೊರೆ ಹೊರಿಸಿದೆವು. ಮೊದಲಾಗಿದ್ದರೆ ಅಲ್ಲಿ ಜೊತೆಯವರಿರುತ್ತಿದ್ದರು. ಈಗ ಒಬ್ಬಳು ಅಂಗನವಾಡಿಯ ಅಡುಗೆಗೆ ಸೇರಿದ್ದಾಳೆ, ಒಬ್ಬಳ ಮಂಡಿ ಹೋಗಿದೆ, ಉಳಿದವರ ಮನೆಗೆ ಸಂಬಳ ಬರುತ್ತದೆ. ಚಿಕ್ಕವ್ವ ಒಬ್ಬಳೇ ನಡೆಯುತ್ತಾಳೆ. ಜೊತೆಯಿಲ್ಲದವಳಿಗೆ ಕಲ್ಲಿನ ಅಗತ್ಯ ಹೆಚ್ಚು ಎಂಬ ಸರಳ ಸಂಗತಿ ನನಗೆ ಹೊಳೆದದ್ದು ಆ ಏರಿನಲ್ಲಿ, ಅವಳ ಉಸಿರಿನ ಸದ್ದು ಕೇಳುತ್ತ ನಡೆಯುವಾಗ.

ಉದ್ಯಾನದ ಬಾಗಿಲಲ್ಲಿ ಕಾವಲಿನವನು ಎದ್ದು ಬಂದ. ನಡುವಯಸ್ಸು ದಾಟಿದವನು, ಚಿಕ್ಕವ್ವನಿಗೆ ಪರಿಚಿತನೇ.

“ಅಕ್ಕ, ಮಂಕ್ರಿ ಒಳಿಕ್ಕೆ ಬುಡಕಾಗಲ್ಲ ಕಣಕ್ಕ. ಆರ್ಡ್ರು.”

“ಯಾಕ್ಲಾ, ನಾನೇನ್ ನಿನ್ ಪಾರ್ಕಲ್ಲಿ ಸೊಪ್ ಬಿತ್ಬುಟ್ಟೇನಾ?”

“ನಂದಾ ಪಾರ್ಕು? ನಾನೇ ಬೇಲಿಯಿಂದ ಆಚಿಗ್ ಕುಂತು ಉಣ್ತೀನಿ. ಒಳಗಡೆ ಬುತ್ತಿ ಬಿಚ್ಚಂಗಿಲ್ಲ.”

ಅವನು ನಗುತ್ತಲೇ ಮಂಕರಿ ಇಳಿಸಲು ಒಂದು ಕಡೆ ಹಿಡಿದ, ಇನ್ನೊಂದು ಕಡೆ ನಾನು ಹಿಡಿದೆ. ಅಭ್ಯಾಸ ತಪ್ಪಿದ ನನ್ನ ಕೈ ಸೋತು ಮಂಕರಿ ವಾಲಿತು, ಎರಡು ಕಟ್ಟು ಮೆಂತ್ಯ ನೆಲಕ್ಕೆ ಬಿದ್ದವು. “ಕೈ ಬರೀ ಪೆನ್ ಇಡ್ಕಂಡು ಇಂಗಾಗದೆ” ಎಂದು ಚಿಕ್ಕವ್ವ ಮಣ್ಣೊರೆಸಿ ಎತ್ತಿಟ್ಟಳು. ಮಂಕರಿಯನ್ನು ಅವನ ವಶಕ್ಕೆ ಬಿಟ್ಟು ನಾವಿಬ್ಬರೂ ಒಳಗೆ ಹೋದೆವು.

ಒಳಗೆ ಎಲ್ಲವೂ ಚೆನ್ನಾಗಿತ್ತು. ಇದನ್ನು ಒಪ್ಪಿಕೊಳ್ಳದಿದ್ದರೆ ಅನ್ಯಾಯ. ನಡೆಯಲು ದಾರಿ, ಕೂರಲು ಬೆಂಚು, ಹುಣಿಸೆಮರವನ್ನು ಕಡಿಯದೆ ಸುತ್ತ ಕಟ್ಟೆ. ನಮ್ಮ ಊರಿಗೆ ಉದ್ಯಾನ ಬೇಡವೆಂದು ನಾನು ಎಂದೂ ಹೇಳಿಲ್ಲ. ಹುಲ್ಲಿನ ನಡುವೆ ಬೇಲಿಯೊಳಗೆ ಬಸುರಿ ಕಲ್ಲು ನಿಂತಿತ್ತು. ಅದನ್ನು ರಸ್ತೆಯಿಂದ ಒಳಕ್ಕೆ ಸರಿಸಿ, ನಿಲುಗಲ್ಲುಗಳನ್ನು ಕಾಂಕ್ರೀಟಿನಲ್ಲಿ ಆಳಕ್ಕೆ ಹೂತಿದ್ದರು. ಚಪ್ಪಡಿ ಈಗ ಚಿಕ್ಕವ್ವನ ಸೊಂಟದ ಮಟ್ಟಕ್ಕಿತ್ತು. ಮೆಟ್ಟುಗಲ್ಲು ಕಾಣಲಿಲ್ಲ. ನಾನು ಇವೆಲ್ಲವನ್ನೂ ಒಂದೊಂದಾಗಿ ಗುರುತಿಸುತ್ತಿದ್ದೆ. ಅವಳು ಬೇಲಿಯ ಹತ್ತಿರ ಬಂದವಳೇ ಒಂದೇ ನೋಟಕ್ಕೆ ಹೇಳಿದಳು:

“ಬೋರ್ಲಾಕವ್ರೆ ಕಣಮ್ಮಿ.”

ನನಗೆ ಅರ್ಥವಾಗಲಿಲ್ಲ. ಚಪ್ಪಡಿಯ ಮೇಲ್ಮೈ ನುಣ್ಣಗೆ, ಸಮತಟ್ಟಾಗಿ, ತೊಳೆದಂತೆ ಹೊಳೆಯುತ್ತಿತ್ತು. ಚಿಕ್ಕವ್ವ ಕುಕ್ಕರಗಾಲಿನಲ್ಲಿ ಕೂತು, ಬೇಲಿಯ ಸರಳಿನ ನಡುವೆ ತೋಳು ತೂರಿಸಿ, ಚಪ್ಪಡಿಯ ಅಡಿಯಲ್ಲಿ ತಡಕಿದಳು.

“ಇಲ್ಲವೆ ನೋಡು. ಎರಡೂ ಕೆಳಗಡೆಗೆ ಓಗವೆ.”

ನಾನೂ ಕೂತು ಕೈ ಚಾಚಿದೆ. ಹಳ್ಳಗಳು ಬೆರಳಿಗೆ ಸಿಕ್ಕವು, ನೆಲದ ಕಡೆಗೆ ಮುಖ ಮಾಡಿಕೊಂಡು, ತಣ್ಣಗೆ, ಅದೇ ನುಣುಪಿನಲ್ಲಿ. ಅವ್ವನ ಮಂಕರಿ, ಅವಳ ಅವ್ವನ ಮಂಕರಿ ಸರಿದ ಜಾಗಕ್ಕೆ ಈಗ ಅಂಗೈಯನ್ನು ಮೇಲ್ಮುಖವಾಗಿ ಒತ್ತಬೇಕಾಗಿತ್ತು. ನಡಿಗೆಗೆ ಬಂದವರೊಬ್ಬರು ನಿಂತು ನೋಡಿ ಮುಂದೆ ಹೋದರು.

“ಇನ್ ತಲೆ ಕೆಳಗ್ ಮಾಡ್ಕಂಡು ಒತ್ಕ ಬರ್ಬೇಕು” ಎಂದು ಚಿಕ್ಕವ್ವ ನಕ್ಕಳು. ಆಮೇಲೆ ಫಲಕ ತೋರಿಸಿ, “ಏನ್ ಬರ್ದವ್ರೆ ಓದು” ಎಂದಳು. ಓದಿದೆ.

“ಬಸುರಿ ಅಂತ ಇಲ್ವಾ?”

“ಇಲ್ಲ ಚಿಕ್ಕವ್ವ.”

“ಈ ಬೇಲಿ ಯಾಕಂತೆ? ದನ ಬಂದದು ಅಂತಲಾ?”

ಇಷ್ಟು ವರ್ಷ ಬೇರೆಯವರ ತಪ್ಪುಗಳನ್ನು ಗಟ್ಟಿ ದನಿಯಲ್ಲಿ ಹೇಳಿ ಅಭ್ಯಾಸವಾಗಿದ್ದ ನಾನು ಈ ಸಲ ನನ್ನದನ್ನೇ ಹೇಳಬೇಕಾಗಿತ್ತು. “ನಾನೇ ಬರ್ದೆ ಚಿಕ್ಕವ್ವ. ಯಾರೂ ಮುಟ್ಟದಂಗೆ ಬೇಲಿ ಹಾಕಿ ಅಂತ ನಾನೇ ಕೇಳ್ದೆ” ಎಂದೆ.

ಅವಳು ಬೈಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, “ಒಂದ್ ಮಾತ್ ನನ್ ಕೇಳ್ಬೋದಿತ್ತಲ್ಲಮ್ಮಿ. ನಾನ್ ಇಲ್ಲೇ ಇದ್ನಲ್ಲ” ಎಂದಳು.

ಹೊರಗೆ ಬರುವಾಗ ಅವಳು ಉಳಿದದ್ದನ್ನು ಹೇಳಿದಳು. ಕಲ್ಲು ಹೋದ ಹೊಸದರಲ್ಲಿ ಒಂದು ದಿನ ಏರಿನಲ್ಲಿ ಉಸಿರು ಕಟ್ಟಿತು. ಉದ್ಯಾನದ ಗೋಡೆಗೆ ಮಂಕರಿಯನ್ನು ಒರಗಿಸಿ ನಿಂತಳು. ಜಾರಿತು. ಹಿಡಿಯಲು ಹೋಗಿ ಕತ್ತು ಉಳುಕಿತು. ಚೆಲ್ಲಿದ ಸೊಪ್ಪನ್ನು ಜೋಡಿಸಿಕೊಂಡರೂ ಎತ್ತಿಕೊಡುವವರಿಲ್ಲದೆ ಬಹಳ ಹೊತ್ತು ರಸ್ತೆಯ ಬದಿಯಲ್ಲಿ ಕೂತಿದ್ದಳು. ಗಾಡಿ ನಿಲ್ಲಿಸಿ ಯಾಕೆಂದು ಕೇಳಿದವರಿಲ್ಲ. ಅಂದಿನಿಂದ ಅರ್ಧ ಮಂಕರಿ. ಏರಿನಾಚೆಯ ಎರಡು ಬೀದಿಗಳನ್ನು ಬಿಟ್ಟಿದ್ದಾಳೆ. ಆ ಬೀದಿಗಳಲ್ಲಿ ಅವ್ವನ ಕಾಲದಿಂದ ಸೊಪ್ಪು ಕೊಳ್ಳುವ ಮನೆಗಳಿವೆ. ಮನೆಯಲ್ಲಿ ಮಕ್ಕಳು ಸಾಕು ಬಿಡು ಎನ್ನುತ್ತಾರೆ. “ಸಾಕು ಅಂತ ನಾನ್ ಯೋಳ್ಬೇಕು. ಕಲ್ ಕಿತ್ತಾಕದೋರು ಯೋಳ್ಬುಟ್ರೆ ಎಂಗೆ?” ಎಂದಳು. ಕಾವಲಿನವನೂ ನಾನೂ ಮಂಕರಿ ಎತ್ತಿದೆವು. ಈ ಸಲ ವಾಲದಂತೆ ಹಿಡಿದೆ.

ಮರುವಾರ ಉದ್ಯಾನದ ಕೆಲಸ ನೋಡಿಕೊಂಡ ಎಂಜಿನಿಯರನ್ನು ಕಂಡೆ. ಸಭ್ಯ ಮನುಷ್ಯ. ಕುರ್ಚಿ ಕೊಟ್ಟ, ಕಡತ ತರಿಸಿದ, ನನ್ನ ಅರ್ಜಿಯನ್ನೇ ನನ್ನ ಮುಂದಿಟ್ಟ.

“ನೀವು ಕೇಳಿದ್ದೆಲ್ಲ ಆಗಿದೆ ಮೇಡಂ. ಭದ್ರವಾಗಿ ನಿಲ್ಲಿಸಿ ಅಂದ್ರಿ, ಹೂತಿದ್ದೀವಿ. ಮುಟ್ಟದಂತೆ ಅಂದ್ರಿ, ಬೇಲಿ ಹಾಕಿದ್ದೀವಿ.”

“ಚಪ್ಪಡಿಯನ್ನ ತಿರುಗಿಸಿದ್ದು ಯಾಕೆ?”

“ಮೇಲ್ಗಡೆ ಸವೆದು ಗುಂಡಿ ಬಿದ್ದಿತ್ತಲ್ಲ ಮೇಡಂ. ನೀರು ನಿಲ್ತಿತ್ತು, ನೋಡೋಕೂ ಚೆನ್ನಾಗಿರ್ಲಿಲ್ಲ. ಕೆಳಭಾಗ ಫ್ರೆಶ್ ಆಗಿತ್ತು.”

“ಬುಡದಲ್ಲಿದ್ದ ಸಣ್ಣ ಕಲ್ಲು?”

“ಅದು ಬಿಡಿಗಲ್ಲು ಅಂದ್ಕೊಂಡ್ವಿ. ಅಲ್ಲೇ ಕಾಂಪೌಂಡ್ ಹಿಂದೆ ಉಳಿದ ಕಲ್ಲಿನ ರಾಶೀಲಿ ಇರ್ಬೇಕು.” ಆಮೇಲೆ ತುಸು ಮುಂದಕ್ಕೆ ಬಾಗಿ, ನಿಜವಾದ ಕುತೂಹಲದಿಂದಲೇ ಕೇಳಿದ: “ಈಗ ಯಾರು ಮೇಡಂ ತಲೆ ಮೇಲೆ ಹೊರೆ ಹೊರ್ತಾರೆ?”

“ನಮ್ಮ ಚಿಕ್ಕವ್ವ” ಎಂದೆ.

ಅವನು ಪೆನ್ನು ಕೆಳಗಿಟ್ಟ. “ಹಾಗಾದ್ರೆ ಅದನ್ನ ಬರೆದುಕೊಡಿ. ಮೊದಲ ಅರ್ಜಿ ಇರೋವರೆಗೆ ನಾನು ಒಂದು ಕಲ್ಲೂ ಅಲುಗಿಸೋಕಾಗಲ್ಲ.”

ಈ ಬರಹ ಹುಟ್ಟಿದ್ದು ಆ ಮಾತಿನಿಂದ. ಹಳೆಯದನ್ನು ಉಳಿಸಿದೆವು ಎಂದು ಹೇಳಿಕೊಳ್ಳುವ ಪ್ರತಿ ಉದ್ಯಾನದಲ್ಲಿಯೂ ಒಂದು ತಪ್ಪು ನಡೆಯುತ್ತಿದೆ. ಕಲ್ಲನ್ನು ಉಳಿಸಿ ಅದರ ಕೆಲಸವನ್ನು ಕಿತ್ತುಕೊಳ್ಳಲಾಗುತ್ತಿದೆ. ಸವೆತವನ್ನು ಕೊಳಕೆಂದು ಭಾವಿಸಿ ಮರೆಮಾಡಲಾಗುತ್ತಿದೆ. ನಮ್ಮ ಹೆಂಗಸರು ಬರೆದ ಒಂದೇ ಒಂದು ಶಾಸನ ಆ ಎರಡು ಹಳ್ಳಗಳು; ಅದನ್ನು ಬೋರಲು ಹಾಕಿದ್ದೇವೆ. ‘ಹಾಕಿದ್ದೇವೆ’ ಎಂದು ಬರೆಯುತ್ತಿದ್ದೇನೆ, ಏಕೆಂದರೆ ಅದರಲ್ಲಿ ನನ್ನ ಸಹಿಯೂ ಇದೆ. ನನ್ನ ಮೊದಲ ಅರ್ಜಿಯನ್ನು ಈ ಮೂಲಕ ಹಿಂಪಡೆಯುತ್ತೇನೆ.

ಉದ್ಯಾನದ ನಕ್ಷೆ ಬರೆದವರಲ್ಲಿ, ಅದಕ್ಕೆ ಸಹಿ ಹಾಕಿದವರಲ್ಲಿ ನನ್ನ ಬೇಡಿಕೆ ಇದು. ಬೇಲಿ ಕೀಳಿ. ಕಲ್ಲನ್ನು ಹುಲ್ಲುಹಾಸಿನಿಂದ ಹೊರತಂದು, ಏರಿನ ಅರ್ಧದಲ್ಲಿ, ಮಂಕರಿ ಹೊತ್ತವಳು ಯಾರ ಅಪ್ಪಣೆಯೂ ಇಲ್ಲದೆ ತಲುಪಬಹುದಾದ ರಸ್ತೆಯ ಬದಿಯಲ್ಲಿ ನಿಲ್ಲಿಸಿ. ಅದಕ್ಕೆ ಉದ್ಯಾನದ ಗೋಡೆ ಆರೇಳು ಅಡಿ ಹಿಂದೆ ಸರಿಯಬೇಕಾದರೆ ಸರಿಯಲಿ. ಚಪ್ಪಡಿಯ ಹಳ್ಳಗಳು ಆಕಾಶದ ಕಡೆಗಿರಲಿ. ಕಾಂಪೌಂಡಿನ ಹಿಂದಿನ ರಾಶಿಯಲ್ಲಿ ಮೆಟ್ಟುಗಲ್ಲನ್ನು ಹುಡುಕಿ. ನಿಮಗೆ ಗುರುತು ಸಿಗದಿದ್ದರೆ ಹರದನಹಳ್ಳಿಯಿಂದ ಬರುವ ಸೊಪ್ಪಿನವರು ಗುರುತು ಹಿಡಿಯುತ್ತಾರೆ. ಮಂಟಪವೆಂಬ ಫಲಕವನ್ನು ತೆಗೆದು, ಹೆರಿಗೆಯಲ್ಲಿ ನೆರವು ಸಿಗದೆ ಸತ್ತ ಹೆಂಗಸಿನ ಕಲ್ಲು ಇದು, ಇಲ್ಲಿ ಹೊರೆ ಇಳಿಸಬಹುದು ಎಂದು ಬರೆಯಿರಿ. ಮುಂಗಾರು ಹಿಡಿದು ಸೊಪ್ಪಿನ ಮಂಕರಿಗಳು ತುಂಬುವ ಮೊದಲು ಇಷ್ಟೂ ಆಗಬೇಕು. ಇನ್ನು ಎತ್ತರದ ವಿಷಯ: ಅದನ್ನು ಕಚೇರಿಯಲ್ಲಿ ಕೂತು ಕಾಗದದ ಮೇಲೆ ತೀರ್ಮಾನಿಸಬೇಡಿ, ನನ್ನನ್ನೂ ಕೇಳಬೇಡಿ. ಕಾಂಕ್ರೀಟು ಕಲಸುವ ಮುಂಚೆ ನನ್ನ ಚಿಕ್ಕವ್ವನನ್ನು ಕರೆಸಿ, ತುಂಬಿದ ಮಂಕರಿಯನ್ನು ಅವಳ ತಲೆಯ ಮೇಲಿಟ್ಟು, ಅವಳು ನಿಂತಂತೆಯೇ ಅಳತೆಪಟ್ಟಿ ಹಿಡಿಯಿರಿ. ಅವಳು ಸರಿ ಎಂದ ಮೇಲೆ ಸಹಿ ಹಾಕಿ.